ರಾತ್ರಿಯ ಹಸಿವೆಯೂ ಮಾತ್ರೆಯೂ

ಮನುಷ್ಯನು ಹಗಲಿನಲ್ಲಿ ಮಾಡಿದ ಸಂಕಲ್ಪಗಳಿಗೆ ರಾತ್ರಿಯೇ ಪರೀಕ್ಷಾಕಾಲವು. ಬೆಳಗ್ಗೆ ಸ್ನಾನ ಮಾಡಿ ಕುಳಿತಾಗ ‘ಇಂದಿನಿಂದ ಮಿತಾಹಾರಿಯಾಗುವೆನು’ ಎಂದು ನಿಶ್ಚಯಿಸುವುದು ಕಷ್ಟವಲ್ಲ. ಮಧ್ಯಾಹ್ನ ಎಲೆಯ ಮುಂದೆ ಕುಳಿತಾಗಲೂ ಆ ನಿಶ್ಚಯವು ಅಷ್ಟಿಷ್ಟು ಉಳಿದಿರುವುದು. ಆದರೆ ರಾತ್ರಿ ಹನ್ನೊಂದು ಗಂಟೆಗೆ, ಮನೆಮಂದಿಯೆಲ್ಲ ಮಲಗಿ ದೀಪಗಳೆಲ್ಲ ಆರಿದ ಮೇಲೆ, ಅಡಿಗೆಮನೆಯ ಮೂಲೆಯಲ್ಲಿರುವ ಡಬ್ಬಿಯೊಂದು ನಮ್ಮನ್ನು ಹೆಸರು ಹಿಡಿದು ಕರೆಯಲಾರಂಭಿಸುವುದು. ಮೈ ಇಳಿಸಬೇಕೆಂದು ಹೊರಟವರಲ್ಲಿ ಅನೇಕರು ಸೋಲುವುದು ಈ ಹೊತ್ತಿನಲ್ಲಿಯೇ. ನಾವೂ ಹಾಗೆ ಸೋತವರು. ಸೋತು, ಪೆಟ್ಟು ತಿಂದು, ಸ್ವಲ್ಪ ಬುದ್ಧಿ ಕಲಿತ ಬಳಿಕ ಆ ವಿಷಯವನ್ನು ಗೃಹಸ್ಥರಾದ ವಾಚಕರ ಮುಂದಿಡುತ್ತಿದ್ದೇವೆ.

ನಾವು ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾಗಿ ಎರಡು ವರ್ಷಗಳಾದುವು. ಪಾಠಶಾಲೆಯಲ್ಲಿದ್ದಷ್ಟು ಕಾಲ ದಿನವೂ ನಾಲ್ಕೈದು ಗಂಟೆ ನಿಂತು ಪಾಠ ಹೇಳಿದ ಕಾಲುಗಳು ಈಗ ಆರಾಮ ಕುರ್ಚಿಗೆ ಒಗ್ಗಿಹೋದುವು. ಹೊಟ್ಟೆಯು ಮಾತ್ರ ನಿವೃತ್ತಿಯನ್ನು ಪಡೆಯಲಿಲ್ಲ. ಕಳೆದ ವರ್ಷ ಮೊಣಕಾಲಿನ ನೋವೆಂದು ವೈದ್ಯರಲ್ಲಿಗೆ ಹೋದೆವು. ಆ ವೈದ್ಯರು ನಮ್ಮ ಹಳೆಯ ವಿದ್ಯಾರ್ಥಿ. ತೂಗಿ ನೋಡಿದಾಗ 82 ಕಿಲೋಗ್ರಾಂ. ಸೊಂಟದ ಸುತ್ತಳತೆ 102 ಸೆಂಟಿಮೀಟರು. “ಮೇಷ್ಟ್ರೇ, ನಮ್ಮ ದೇಶದ ಗಂಡಸರಿಗೆ ಈ ಅಳತೆ 90 ಸೆಂಟಿಮೀಟರನ್ನೂ ಹೆಂಗಸರಿಗೆ 80ನ್ನೂ ಮೀರಬಾರದು. ನೀವು ಐದಾರು ಕಿಲೋ ಇಳಿಸಿದರೆ ಮೊಣಕಾಲಿನ ಭಾರವೂ ಕಡಮೆಯಾಗುತ್ತೆ, ಸಕ್ಕರೆ ಕಾಯಿಲೆಯ ಭಯವೂ ಕಡಮೆಯಾಗುತ್ತೆ” ಎಂದು ಹೇಳಿ, ಆಹಾರದ ವಿವರವನ್ನು ಬರೆದ ಒಂದು ಚೀಟಿಯನ್ನು ಕೊಟ್ಟರು. ನಾವು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆವು, ಓದಲಿಲ್ಲ. ಚರಕ ವಾಗ್ಭಟರನ್ನು ಮೂಲದಲ್ಲಿ ಓದಿದವರಿಗೆ ವಿದ್ಯಾರ್ಥಿಯ ಚೀಟಿ ಏತಕ್ಕೆಂಬ ಗರ್ವವು ನಮ್ಮಲ್ಲಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಮರುದಿನದಿಂದಲೇ ನಮ್ಮದೇ ಒಂದು ಪದ್ಧತಿಯನ್ನು ಆರಂಭಿಸಿದೆವು. ಬೆಳಗಿನ ತಿಂಡಿಯನ್ನು ಬಿಟ್ಟು ಎರಡು ಸಲ ಕಾಫಿ. ಮಧ್ಯಾಹ್ನ ಒಂದು ಸೌಟು ಅನ್ನ, ತಿಳಿಸಾರು. ಸಾಯಂಕಾಲ ಏನೂ ಇಲ್ಲ. ರಾತ್ರಿ ಒಂದೇ ಚಪಾತಿ. ಮೊದಲನೆಯ ವಾರದಲ್ಲಿ ಒಂದೂವರೆ ಕಿಲೋ ಇಳಿಯಿತು. ಆ ಇಳಿತದಲ್ಲಿ ಹೆಚ್ಚಿನ ಪಾಲು ನೀರಿನದೇ ಎಂಬುದು ಆಗ ನಮಗೆ ತಿಳಿಯದು; ಗರ್ವವು ಇನ್ನಷ್ಟು ಬೆಳೆಯಿತು. ಎರಡನೆಯ ವಾರದಲ್ಲಿ ರಾತ್ರಿಯ ಹಸಿವೆ ಆರಂಭವಾಯಿತು. ಹತ್ತು ಗಂಟೆಗೆ ಮಲಗಿದರೆ ಹನ್ನೊಂದಕ್ಕೆ ಎಚ್ಚರ. ನೀರು ಕುಡಿದು ನೋಡಿದೆವು. ಸ್ತೋತ್ರ ಪಠಿಸಿ ನೋಡಿದೆವು. ಅತ್ತಿತ್ತ ಹೊರಳಿ ನೋಡಿದೆವು. ಕೊನೆಗೆ ಬೆಕ್ಕಿನಂತೆ ಹೆಜ್ಜೆಯಿಡುತ್ತ ಹೋಗಿ ಕೋಡುಬಳೆಯ ಡಬ್ಬಿಯ ಮುಚ್ಚಳವನ್ನು ಸದ್ದಾಗದಂತೆ ತೆಗೆಯುವ ವಿದ್ಯೆಯನ್ನು ಅರುವತ್ತನೆಯ ವಯಸ್ಸಿನಲ್ಲಿ ಕಲಿತೆವು.

ಒಂದು ರಾತ್ರಿ ನಮ್ಮ ಆರು ವರ್ಷದ ಮೊಮ್ಮಗಳು ನೀರು ಕುಡಿಯಲೆಂದು ಎದ್ದು ಬಂದಳು. “ತಾತ, ಕತ್ತಲಲ್ಲಿ ಏನು ತಿಂತಾ ಇದೀಯ?” ಎಂದು ಕೇಳಿದಳು. “ಮಾತ್ರೆ ತೊಗೋತಾ ಇದೀನಮ್ಮ” ಎಂದೆವು. ಮಗುವು ಸ್ವಲ್ಪ ಯೋಚಿಸಿ, “ಮಾತ್ರೆ ಕುರುಂ ಕುರುಂ ಅನ್ನುತ್ತಾ ತಾತ?” ಎಂದಿತು. ಸುಳ್ಳು ಹೇಳಬಾರದೆಂದು ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಬೋಧಿಸಿದ ಬಾಯಿಯಲ್ಲಿ ಆಗ ಅರ್ಧ ಕೋಡುಬಳೆ ಇದ್ದುದರಿಂದ ಉತ್ತರವು ಹೊರಡಲಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಾಗಿತ್ತು. ಇದಾದ ಹತ್ತು ದಿನಗಳ ಮೇಲೆ, ರಾತ್ರಿ ಒಂದೂವರೆ ಗಂಟೆಯ ಸುಮಾರಿಗೆ, ಅಭ್ಯಾಸಬಲದಿಂದ ಅಡಿಗೆಮನೆಗೆ ಹೋದೆವು. ಅಲ್ಲಿ ದೀಪವು ಉರಿಯುತ್ತಿತ್ತು. ನಮ್ಮ ಗೃಹಿಣಿ ನೆಲದ ಮೇಲೆ ಗೋಡೆಗೆ ಒರಗಿ ಕುಳಿತಿದ್ದಳು. ಹಣೆಯೆಲ್ಲ ಬೆವರು; ಕೈಗಳು ನಡುಗುತ್ತಿದ್ದುವು; ಮಾತು ತೊದಲುತ್ತಿತ್ತು. ಆಕೆಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆ; ಅದಕ್ಕಾಗಿ ಊಟದೊಡನೆ ಮಾತ್ರೆ ನುಂಗುವವಳು. ಮಗನು ತಂದಿಟ್ಟಿದ್ದ ಯಂತ್ರದಿಂದ ರಕ್ತವನ್ನು ಪರೀಕ್ಷಿಸಿದರೆ ಸಕ್ಕರೆಯು 54ಕ್ಕೆ ಇಳಿದಿತ್ತು. 70ಕ್ಕಿಂತ ಕೆಳಗಿಳಿದರೆ ಅಪಾಯವೆಂದು ವೈದ್ಯರು ಹಿಂದೆಯೇ ಹೇಳಿದ್ದರು. ಒಡನೆಯೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿದೆವು. ಕಾಲು ಗಂಟೆಯಲ್ಲಿ ಬೆವರು ನಿಂತಿತು. ಸಕ್ಕರೆಯು 88ಕ್ಕೆ ಏರಿತು. ಆಮೇಲೆ ಒಂದಿಷ್ಟು ಮೊಸರನ್ನವನ್ನು ಉಣ್ಣಿಸಿ, “ರಾತ್ರಿ ಊಟ ಮಾಡಲಿಲ್ಲವೆ?” ಎಂದು ಕೇಳಿದೆವು. ಆಕೆ ಹೇಳಿದಳು: “ನೀವು ಒಂದು ಚಪಾತಿ ತಿಂದು ಎದ್ದು ಹೋದರೆ, ನಾನೊಬ್ಬಳು ಕೂತು ಹೊಟ್ಟೆ ತುಂಬ ಹೇಗೆ ಉಣ್ಣಲಿ? ಮಾತ್ರೆ ಮಾತ್ರ ನುಂಗಿ ಮಲಗಿದೆ.”

ನಮ್ಮ ಉಪವಾಸದ ಕೀರ್ತಿ ನಮಗೆ. ಅದರ ದಂಡ ಆಕೆಗೆ. ಆ ರಾತ್ರಿ ನಾವು ಮತ್ತೆ ನಿದ್ರಿಸಲಿಲ್ಲ.

ಬೆಳಗಾದೊಡನೆ ಇಬ್ಬರೂ ವೈದ್ಯರಲ್ಲಿಗೆ ಹೋದೆವು. ಅವರು ಆಕೆಯ ಮಾತ್ರೆಯ ಪ್ರಮಾಣವನ್ನು ತಗ್ಗಿಸಿ, ಊಟವನ್ನು ಬಿಟ್ಟು ಆ ಮಾತ್ರೆಯನ್ನು ಎಂದಿಗೂ ನುಂಗಕೂಡದೆಂದು ಎಚ್ಚರಿಸಿದರು. ಬಳಿಕ ನಮ್ಮ ಕಡೆಗೆ ತಿರುಗಿ, “ಮೇಷ್ಟ್ರೇ, ನಾನು ಕೊಟ್ಟ ಚೀಟಿ ಓದಿದಿರಾ?” ಎಂದರು. ಮನೆಪಾಠವನ್ನು ಮಾಡದೆ ಬಂದ ಹುಡುಗನು ಹೇಗೆ ನಿಲ್ಲುವನೆಂಬುದು ನಮಗೆ ಚೆನ್ನಾಗಿ ಗೊತ್ತು. ಅಂದು ಹಾಗೆಯೇ ನಿಂತೆವು. ಚೀಟಿಯ ಮೊದಲನೆಯ ಸಾಲಿನಲ್ಲಿಯೇ, ಬೆಳಗಿನ ತಿಂಡಿಯನ್ನು ಬಿಡಬಾರದೆಂದು ಬರೆದಿತ್ತು.

“ನಿಮ್ಮ ತಪ್ಪು ರಾತ್ರಿಯಲ್ಲಿ ಇಲ್ಲ, ಬೆಳಗ್ಗೆಯಲ್ಲಿದೆ” ಎಂದು ಅವರು ವಿವರಿಸಿದರು. ರಾತ್ರಿಯ ಹಸಿವೆಯು ಬಹುಮಟ್ಟಿಗೆ ಹಗಲಿನ ಸಾಲ. ಹಗಲಿನಲ್ಲಿ ದೇಹಕ್ಕೆ ಕೊಡದೆ ಉಳಿಸಿಕೊಂಡುದನ್ನು ಅದು ರಾತ್ರಿ ಬಡ್ಡಿಯೊಡನೆ ಕೇಳುವುದು. ಆ ಹೊತ್ತಿನಲ್ಲಿ ಮನಸ್ಸೂ ದಣಿದಿರುವುದರಿಂದ ವಾದಿಸುವ ಶಕ್ತಿಯು ಸಾಲಗಾರನಲ್ಲಿ ಉಳಿದಿರುವುದಿಲ್ಲ. ಇದು ಬರಿಯ ಉಪಮಾನವಲ್ಲ. ಜಠರವು ಬರಿದಾದಾಗ ಅದರಿಂದ ಗ್ರೆಲಿನ್ ಎಂಬ ಹಾರ್ಮೋನು ಹೊರಟು ಮಿದುಳಿಗೆ ಹಸಿವೆಯ ಸುದ್ದಿಯನ್ನು ಮುಟ್ಟಿಸುವುದು. ಇದನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ಮೈಯ ಕೊಬ್ಬಿನಿಂದ ಹೊರಡುವ ಲೆಪ್ಟಿನ್ ಎಂಬುದು ‘ಸಾಕು’ ಎಂಬ ಸಂದೇಶವನ್ನು ಒಯ್ಯುವುದು. ಅದು ಬೆಳಕಿಗೆ ಬಂದುದು 1994ರಲ್ಲಿ. ಉಣ್ಣುವುದನ್ನು ಹಠಾತ್ತಾಗಿ ಕಡಮೆ ಮಾಡಿದರೆ ಮೊದಲನೆಯದು ಏರಿ ಎರಡನೆಯದು ಇಳಿಯುವುದು. ದೇಹಕ್ಕೆ ನಮ್ಮ ಸಂಕಲ್ಪವು ತಿಳಿಯದು. ದುರ್ಭಿಕ್ಷವು ಬಂದಿತೆಂದೇ ಅದು ಭಾವಿಸುವುದು.

ಅಮೆರಿಕ ದೇಶದ ಮಿನೆಸೋಟದಲ್ಲಿ ಆನ್ಸೆಲ್ ಕೀಸ್ ಎಂಬ ವಿದ್ವಾಂಸರು 1944 ಮತ್ತು 1945ರಲ್ಲಿ 36 ಮಂದಿ ಆರೋಗ್ಯವಂತ ತರುಣರನ್ನು, ಅವರ ಒಪ್ಪಿಗೆಯಿಂದ, 24 ವಾರಗಳ ಕಾಲ ಅರೆಹೊಟ್ಟೆಯಲ್ಲಿರಿಸಿ ನೋಡಿದರು. ಆ ತರುಣರಿಗೆ ಆಹಾರದ ಹೊರತು ಬೇರೆ ಚಿಂತೆಯೇ ಇಲ್ಲದಂತಾಯಿತು. ಪಾಕಶಾಸ್ತ್ರದ ಪುಸ್ತಕಗಳನ್ನು ಓದುವುದು, ಊಟದ ಮಾತನ್ನೇ ಆಡುವುದು, ಕನಸಿನಲ್ಲಿಯೂ ಅದನ್ನೇ ಕಾಣುವುದು. ಅವರಾರೂ ದುರ್ಬಲಚಿತ್ತರಲ್ಲ, ಹಸಿವೆಯ ಸ್ವಭಾವವೇ ಅಂತಹುದು. ರಾತ್ರಿ ಡಬ್ಬಿಗೆ ಕೈ ಹಾಕಿದೆನೆಂದು ತನ್ನನ್ನು ತಾನೇ ಹಳಿದುಕೊಳ್ಳುವವರು ಇದನ್ನು ನೆನೆಯುವುದು ಒಳ್ಳೆಯದು.

ಇದಲ್ಲದೆ ಹಸಿವೆಗೆ ತನ್ನದೇ ಆದ ಗಡಿಯಾರವೂ ಉಂಟು. 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 12 ಮಂದಿಯನ್ನು ಮಂದವಾದ ಬೆಳಕಿನ ಕೋಣೆಗಳಲ್ಲಿಟ್ಟು ಪರೀಕ್ಷಿಸಿದರು. ಊಟದ ಮತ್ತು ನಿದ್ರೆಯ ಪ್ರಭಾವವನ್ನು ಕಳೆದು ನೋಡಿದಾಗಲೂ, ದೇಹದ ಒಳಗಡಿಯಾರಕ್ಕನುಸಾರವಾಗಿ ಹಸಿವೆಯು ಬೆಳಗಿನ ಎಂಟು ಗಂಟೆಯ ಸುಮಾರಿಗೆ ಅತ್ಯಲ್ಪವಾಗಿಯೂ, ರಾತ್ರಿಯ ಎಂಟು ಗಂಟೆಯ ಸುಮಾರಿಗೆ ಅತ್ಯಧಿಕವಾಗಿಯೂ ಇದ್ದಿತು. ಸಿಹಿಯನ್ನೂ ಉಪ್ಪು ತಿನಿಸನ್ನೂ ಬಯಸುವ ಚಾಪಲ್ಯವೂ ಆಗಲೇ ಹೆಚ್ಚು. ಆದುದರಿಂದ ‘ಬೆಳಗ್ಗೆ ನನಗೆ ಹಸಿವೆಯೇ ಇಲ್ಲ’ ಎಂದು ತಿಂಡಿಯನ್ನು ಬಿಡುವವನು ಗಡಿಯಾರದ ಮಾತಿಗೆ ಮರುಳಾಗಿ, ಸಂಜೆಗೆ ಅದೇ ಗಡಿಯಾರದ ಕೈಗೆ ಸಿಕ್ಕಿಬೀಳುವನು. ಸ್ಕಾಟ್ಲೆಂಡಿನ ಅಬರ್ಡೀನಿನ ಸಂಶೋಧಕರು 2022ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. 30 ಮಂದಿಗೆ ಒಟ್ಟು ಆಹಾರವನ್ನು ಅಷ್ಟೇ ಇಟ್ಟು, ಅದರ ದೊಡ್ಡ ಪಾಲನ್ನು ಒಂದು ತಿಂಗಳು ಬೆಳಗ್ಗೆಯೂ ಮತ್ತೊಂದು ತಿಂಗಳು ರಾತ್ರಿಯೂ ಕೊಟ್ಟರು. ತೂಕವು ಎರಡು ಬಗೆಯಲ್ಲಿಯೂ ಒಂದೇ ಸಮನಾಗಿ ಇಳಿಯಿತು. ಆದರೆ ಬೆಳಗ್ಗೆ ಹೆಚ್ಚಾಗಿ ಉಂಡಾಗ ಹಸಿವೆಯ ಬಾಧೆಯು ಕಡಮೆಯಾಗಿತ್ತು. ತೂಕ ಇಳಿಸುವವನಿಗೆ ಅಷ್ಟು ಸಾಲದೆ?

ಮನೆಗೆ ಬಂದು ವಾಗ್ಭಟನ ಅಷ್ಟಾಂಗಹೃದಯವನ್ನು ಮತ್ತೆ ತೆರೆದೆವು. ಅದರ ಸೂತ್ರಸ್ಥಾನದ ಎಂಟನೆಯ ಅಧ್ಯಾಯಕ್ಕೆ ‘ಮಾತ್ರಾಶಿತೀಯ’ವೆಂದೇ ಹೆಸರು. ಮಾತ್ರೆಯೆಂದರೆ ಅಲ್ಲಿ ಗುಳಿಗೆಯಲ್ಲ. ಅಳತೆ, ಆಹಾರದ ಪ್ರಮಾಣ. ಕುಕ್ಷಿಯ ನಾಲ್ಕು ಭಾಗಗಳಲ್ಲಿ ಎರಡನ್ನು ಅನ್ನಕ್ಕೂ ಒಂದನ್ನು ಪಾನಕ್ಕೂ ಕೊಟ್ಟು, ಉಳಿದುದನ್ನು ವಾಯುಸಂಚಾರಕ್ಕೆ ಬಿಡಬೇಕೆಂಬ ವಿಧಿಯನ್ನು ನಾವು ಬಹುಕಾಲದಿಂದ ಬಲ್ಲೆವು. ಆದರೆ ಅಳತೆಗೆ ಮೀರಿದ ಆಹಾರದಂತೆಯೇ ಅಳತೆಗೆ ಕಡಮೆಯಾದ ಆಹಾರವೂ ದೋಷಕರ, ಅದರಿಂದ ಬಲವು ಕುಂದುವುದು ಎಂದು ಅದೇ ಅಧ್ಯಾಯವು ಹೇಳುವುದನ್ನು ಓದಿಯೂ ಮರೆತಿದ್ದೆವು. ಮಗುವಿಗೆ ನಾವು ಹೇಳಿದ ಸುಳ್ಳಿನಲ್ಲಿಯೇ ನಮ್ಮ ರೋಗದ ಔಷಧವು ಅಡಗಿತ್ತು: ಮಾತ್ರೆ!

ಅಂದಿನಿಂದ ನಮ್ಮ ಮನೆಯಲ್ಲಿ ನಡೆಯುತ್ತಿರುವ ಕ್ರಮವನ್ನು ಹೇಳುವೆವು. ಬೆಳಗ್ಗೆ ಎಂಟರೊಳಗೆ ಎರಡು ಇಡ್ಲಿ ಅಥವಾ ಒಂದು ರಾಗಿರೊಟ್ಟಿ, ಜೊತೆಗೆ ಒಂದು ಬಟ್ಟಲು ಮೊಳಕೆ ಹೆಸರುಕಾಳಿನ ಉಸಲಿ. ಮಧ್ಯಾಹ್ನದ ಎಲೆಯಲ್ಲಿ ಅರ್ಧಭಾಗ ಪಲ್ಯ, ಕೋಸಂಬರಿ, ಕಾಲುಭಾಗ ಅನ್ನ, ಉಳಿದ ಕಾಲುಭಾಗಕ್ಕೆ ಗಟ್ಟಿಯಾದ ಬೇಳೆಯ ಹುಳಿ, ಕೊನೆಗೆ ಮಜ್ಜಿಗೆ. ಸಾಯಂಕಾಲ ನಾಲ್ಕೂವರೆಗೆ ಒಂದು ಹಿಡಿ ಹುರಿಗಡಲೆ ಅಥವಾ ಒಂದು ಸೀಬೆಹಣ್ಣು. ರಾತ್ರಿ ಏಳೂವರೆಗೆ ಚಿಕ್ಕದೊಂದು ಮುದ್ದೆ, ಸೊಪ್ಪು ಬೇಳೆಯ ಸಾರು. ಮಾಂಸಾಹಾರಿಗಳು ಮೊಟ್ಟೆ, ಮೀನುಗಳನ್ನು ಸೇರಿಸಿಕೊಳ್ಳಬಹುದು. ಕಾಳು, ಬೇಳೆ, ಮೊಸರುಗಳಲ್ಲಿರುವ ಸಸಾರಜನಕವೂ ಸೊಪ್ಪು ತರಕಾರಿಗಳ ನಾರೂ ಹೊಟ್ಟೆಯನ್ನು ಬಹಳ ಹೊತ್ತು ತುಂಬಿದಂತೆ ಇಡುವುವು. ಅಲ್ಲದೆ ನಮ್ಮ ವಯಸ್ಸಿನಲ್ಲಿ ಬರಿಯ ಉಪವಾಸದಿಂದ ಇಳಿದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುವುದು. ಅದು ಹೋದರೆ ಕುಳಿತಲ್ಲಿಂದ ಏಳುವುದೇ ಕಷ್ಟ. ಆದುದರಿಂದಲೇ ಕಾಳು ಬೇಳೆಗಳೂ ದಿನಕ್ಕೆ ಅರ್ಧ ಗಂಟೆಯ ನಡಿಗೆಯೂ ಅವಶ್ಯಕ.

ಕೋಡುಬಳೆಯ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಿದೆವು. ಹಿಟ್ಟಿನ ಪಿಷ್ಟಕ್ಕೂ ಸಸಾರಜನಕಕ್ಕೂ ಗ್ರಾಮಿಗೆ 4 ಕ್ಯಾಲೊರಿ, ಎಣ್ಣೆಗೆ 9. ಕರಿದ ತಿಂಡಿಯು ಎಣ್ಣೆಯನ್ನು ಹೀರಿರುವುದರಿಂದ 50 ಗ್ರಾಮಿಗೆ ಸುಮಾರು 250 ಕ್ಯಾಲೊರಿಯಾಗುವುದು. ದಿನಕ್ಕೆ 500 ಕ್ಯಾಲೊರಿಯನ್ನು ಕಡಮೆ ಮಾಡಿ ನಿಧಾನವಾಗಿ ಇಳಿಯಬೇಕೆಂಬುದು ವೈದ್ಯರ ಮಾತು. ಹಗಲೆಲ್ಲ ಹಸಿದು ಗಳಿಸಿದುದರಲ್ಲಿ ಅರ್ಧವು ಕತ್ತಲೆಯ ನಾಲ್ಕು ನಿಮಿಷಗಳಲ್ಲಿ ಹೋಗುತ್ತಿತ್ತು. ಆರು ವಾರಗಳ ತಪಸ್ಸಿನ ಕೊನೆಗೆ ನಮ್ಮ ತೂಕವು ಮತ್ತೆ 81ಕ್ಕೆ ಬಂದು ನಿಂತಿದ್ದುದರ ರಹಸ್ಯವಿದು.

ಇಷ್ಟಾದರೂ ಕೆಲವು ರಾತ್ರಿ ಹಸಿವೆಯು ಬರುವುದು. ಆಗ ನಾವು ಅದರ ಕುಲಗೋತ್ರಗಳನ್ನು ವಿಚಾರಿಸುವೆವು. ಹೊಟ್ಟೆಯ ಹಸಿವೆ, ನಾಲಗೆಯ ಹಸಿವೆ, ನಿದ್ರೆಗೆಟ್ಟ ಹಸಿವೆ ಎಂದು ಅದರಲ್ಲಿ ಮೂರು ಬಗೆ. ‘ಉಪ್ಪು ಹಾಕಿದ ಬರಿಯ ಮೊಸರನ್ನವನ್ನು ಕೊಟ್ಟರೆ ಉಣ್ಣುವೆಯಾ?’ ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವೆವು. ‘ಉಣ್ಣುವೆನು’ ಎಂದು ಉತ್ತರ ಬಂದರೆ ಅದು ಹೊಟ್ಟೆಯ ಹಸಿವೆ, ಅದನ್ನು ಹೊಡೆದೋಡಿಸತಕ್ಕದ್ದಲ್ಲ. ಒಂದು ಲೋಟ ಬೆಣ್ಣೆ ತೆಗೆದ ಮಜ್ಜಿಗೆಯನ್ನೋ ಅರ್ಧ ಲೋಟ ಸಕ್ಕರೆಯಿಲ್ಲದ ಬಿಸಿ ಹಾಲನ್ನೋ ದೀಪ ಹಚ್ಚಿ, ಕುಳಿತು, ನಿಧಾನವಾಗಿ ಕುಡಿದು ಮಲಗಬೇಕು. ಮರುದಿನ ಬೆಳಗಿನ ತಿಂಡಿಯನ್ನು ಸ್ವಲ್ಪ ಹೆಚ್ಚಿಸಬೇಕು. ‘ಮೊಸರನ್ನ ಬೇಡ, ಕೋಡುಬಳೆಯೇ ಬೇಕು’ ಎಂದರೆ ಅದು ನಾಲಗೆಯ ಹಸಿವೆ. ಹಲ್ಲುಜ್ಜಿ, ಹತ್ತು ನಿಮಿಷ ಬೇರೆ ಕೋಣೆಯಲ್ಲಿ ಏನನ್ನಾದರೂ ಓದುತ್ತ ಕುಳಿತರೆ ಅದು ತಾನಾಗಿಯೇ ಸರಿದುಹೋಗುವುದುಂಟು. ಡಬ್ಬಿಯು ಕೈಗೆ ಸಿಗುವಂತಿರದೆ ಅಟ್ಟದ ಮೇಲಿದ್ದರೆ ಇನ್ನೂ ಸುಲಭ.

ಮೂರನೆಯದು ಎಚ್ಚರದ ಮಗು. 2004ರಲ್ಲಿ ಷಿಕಾಗೋ ನಗರದಲ್ಲಿ 12 ಮಂದಿ ತರುಣರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟು, ಹತ್ತು ಗಂಟೆ ಮಲಗಿದ್ದ ದಿನಗಳೊಡನೆ ಹೋಲಿಸಿದರು. ನಿದ್ರೆಗೆಟ್ಟವರಲ್ಲಿ ಗ್ರೆಲಿನ್ ನೂರಕ್ಕೆ 28ರಷ್ಟು ಏರಿ, ಲೆಪ್ಟಿನ್ ನೂರಕ್ಕೆ 18ರಷ್ಟು ಇಳಿದು, ಹಸಿವೆಯು ನೂರಕ್ಕೆ 24ರಷ್ಟು ಹೆಚ್ಚಿತು. ದೂರದರ್ಶನದ ಮುಂದೆಯೂ ಮೊಬೈಲನ್ನು ಹಿಡಿದೂ ನಡುರಾತ್ರಿಯವರೆಗೆ ಕುಳಿತಿದ್ದು, ಬಳಿಕ ಹಸಿವೆಯೆಂದು ದೂರಿದರೆ ಪ್ರಯೋಜನವಿಲ್ಲ. ಇದಕ್ಕೆ ಊಟವು ಔಷಧವಲ್ಲ, ಹಾಸಿಗೆಯೇ ಔಷಧ.

ಇವುಗಳಲ್ಲದೆ ರೋಗದ ಹಸಿವೆಯೂ ಉಂಟು. ಅದರಲ್ಲಿ ಉದಾಸೀನವು ಸಲ್ಲದು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಮೊದಲಾದ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಿಗೆ ನಡುರಾತ್ರಿ ಹಸಿವೆಯೊಡನೆ ಬೆವರು, ನಡುಕ, ಎದೆಬಡಿತ, ತೊದಲು ಕಂಡರೆ ‘ಸಕ್ಕರೆ ನಿಷಿದ್ಧ’ವೆಂದು ಯೋಚಿಸುತ್ತ ಕೂರದೆ, ಸುಮಾರು 15 ಗ್ರಾಂ, ಎಂದರೆ ಮೂರು ಚಮಚ, ಸಕ್ಕರೆಯನ್ನೋ ಗ್ಲೂಕೋಸನ್ನೋ ಕೂಡಲೇ ಕೊಡಬೇಕು. ಕಾಲು ಗಂಟೆಯಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಬೇಕು. ಸರಿಹೋದ ಮೇಲೆ ಏನನ್ನಾದರೂ ಉಣ್ಣಿಸಿ, ಆ ಮಾತ್ರೆಗಳ ಪ್ರಭಾವದಿಂದ ಸಕ್ಕರೆಯು ಮತ್ತೆ ಇಳಿಯಬಹುದಾದುದರಿಂದ ಮೇಲಿಂದ ಮೇಲೆ ಪರೀಕ್ಷಿಸುತ್ತ, ಬೇಗನೆ ವೈದ್ಯರಿಗೆ ತಿಳಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣಾದವರಿಗೂ ರಾತ್ರಿ ಹಸಿವೆಯಂತಹ ಉರಿಯೆದ್ದು, ತಿಂದರೆ ಶಮನವಾಗುವುದುಂಟು. ಬೆಳಗ್ಗೆ ಊಟವೇ ಬೇಡ, ಸಂಜೆಯ ಮೇಲೆ ತಿನ್ನುವುದು ನಿಲ್ಲದು, ರಾತ್ರಿ ತಿನ್ನದೆ ನಿದ್ರೆ ಬಾರದು ಎಂಬ ಸ್ಥಿತಿಯು ತಿಂಗಳುಗಟ್ಟಲೆ ನಡೆದರೆ ಅದೂ ಚಿಕಿತ್ಸೆಗೆ ಅರ್ಹವಾದ ವ್ಯಾಧಿಯೇ. ಅಮೆರಿಕದ ಮನೋವೈದ್ಯ ಆಲ್ಬರ್ಟ್ ಸ್ಟಂಕರ್ಡರು 1955ರಲ್ಲಿಯೇ ಅದನ್ನು ವರ್ಣಿಸಿರುವರು. ನಾಚಿಕೆಯಿಂದ ಮುಚ್ಚಿಡದೆ ವೈದ್ಯರಿಗೆ ಹೇಳತಕ್ಕದ್ದು.

ಗೃಹಿಣಿಯರಿಗೂ ಅವರ ಪತಿಗಳಿಗೂ ಒಂದು ಮಾತು. ಎಲ್ಲರಿಗೂ ಬಡಿಸಿ ಹತ್ತು ಗಂಟೆಗೆ ತಾನು ಕುಳಿತು, ಇದ್ದರೆ ಉಂಡು, ಇಲ್ಲದಿದ್ದರೆ ಬಿಟ್ಟು, ಮಿಕ್ಕುದು ಹಾಳಾಗಬಾರದೆಂದು ಬೇಡದುದನ್ನೂ ಉಣ್ಣುವ ಪದ್ಧತಿಯು ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಇದರಿಂದ ಆಕೆಯ ಹಸಿವೆಗೆ ಕಾಲವೂ ಇಲ್ಲ, ಮಾತ್ರೆಯೂ ಇಲ್ಲ. ಮನೆಯಲ್ಲಿ ಒಬ್ಬರು ಊಟವನ್ನು ಬದಲಿಸಿದರೆ ಅದು ಒಬ್ಬರ ವ್ರತವಾಗಿ ಉಳಿಯುವುದಿಲ್ಲ. ಒಲೆಯ ಮುಂದೆ ನಿಂತವರನ್ನು ಮೊದಲು ಮುಟ್ಟುವುದು. ಈಗ ನಮ್ಮ ಮನೆಯಲ್ಲಿ ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ಏಳೂವರೆಗೆ ಕೂರುವೆವು. ಬೇಕಾದುದನ್ನು ಅವರವರೇ ಬಡಿಸಿಕೊಳ್ಳುವೆವು. ಆ ರಾತ್ರಿಯಂತಹ ರಾತ್ರಿಯು ಮತ್ತೆ ಬಂದಿಲ್ಲ.

ಎಂಟು ತಿಂಗಳುಗಳಲ್ಲಿ ನಮ್ಮ ತೂಕವು 77ಕ್ಕೆ ಬಂದಿದೆ. ಸೊಂಟವು 96ಕ್ಕೆ ಇಳಿದಿದೆ. 90ಕ್ಕೆ ಇನ್ನೂ ದೂರವಿದೆ. ಆದರೆ ಮೆಟ್ಟಿಲನ್ನು ಏರುವಾಗ ಮೊಣಕಾಲು ಮೊದಲಿನಂತೆ ನರಳುವುದಿಲ್ಲ. ಮೊಮ್ಮಗಳಿಗೂ ನಿಜವನ್ನು ಒಪ್ಪಿಕೊಂಡೆವು. “ಆವತ್ತು ತಾತ ತಿಂದದ್ದು ಮಾತ್ರೆಯಲ್ಲ, ಕೋಡುಬಳೆ. ಸುಳ್ಳು ಹೇಳಿದ್ದು ತಪ್ಪು” ಎಂದಾಗ, “ನಂಗೆ ಆಗ್ಲೇ ಗೊತ್ತಿತ್ತು” ಎಂದು ಆಕೆ ನಮ್ಮನ್ನು ಕ್ಷಮಿಸಿದಳು. ಮಾತ್ರೆಯ ಇನ್ನೊಂದು ಅರ್ಥವನ್ನೂ ಆಗಲೇ ಹೇಳಿಕೊಟ್ಟೆವು. ಈಗ ಪ್ರತಿದಿನ ಸಾಯಂಕಾಲ ನಾಲ್ಕೂವರೆಗೆ ಹುರಿಗಡಲೆಯ ಡಬ್ಬಿಯನ್ನು ತೆರೆದು, ತನ್ನ ಪುಟ್ಟ ಕೈಯಿಂದ ಎರಡು ಹಿಡಿ ಅಳೆದು ನಮ್ಮ ಅಂಗೈಗೆ ಹಾಕಿ, “ತೊಗೋ ತಾತ, ಇದು ನಿನ್ನ ಮಾತ್ರೆ” ಎನ್ನುವಳು. ಬೆಳಕಿನಲ್ಲಿ, ಎಲ್ಲರ ಮುಂದೆ ಕುಳಿತು, ಕುರುಂ ಕುರುಂ ಎಂದು ಅಗಿದು ತಿನ್ನುವೆವು.